ಗೃಹಜಾಲ ದೋಷನಿದಾನ: ಒಂದು ಪ್ರಮಾಣಮೀಮಾಂಸೆ

ಒಂದೇ ಇಂಟರ್ನೆಟ್ ಸಂಪರ್ಕವನ್ನು ಹಲವು ಕಂಪ್ಯೂಟರುಗಳು ಹಂಚಿಕೊಂಡು ಬಾಳುವ ಮನೆಯಲ್ಲಿ ‘ನೆಟ್ ಹೋಯ್ತು’ ಎಂಬ ಉದ್ಗಾರ ಹೊರಟ ಕೂಡಲೇ ಎರಡು ಪ್ರಶ್ನೆಗಳು ಏಳುತ್ತವೆ. ದೋಷ ಎಲ್ಲಿದೆ? ದೋಷ ಯಾರದ್ದು? ಶಾಸ್ತ್ರದ ಪ್ರಕಾರ ಮೊದಲನೆಯದನ್ನು ಮೊದಲು ವಿಚಾರಿಸಬೇಕು. ಆದರೆ ಗೃಹಪರಂಪರೆಯಲ್ಲಿ ಎರಡನೆಯದಕ್ಕೆ ಉತ್ತರ ಸಿಕ್ಕಿದ ಮೇಲೆ ಮೊದಲನೆಯದರ ಗೊಡವೆಗೆ ಯಾರೂ ಹೋಗುವುದಿಲ್ಲ. ಈ ವೈಪರೀತ್ಯದ ವಿಮರ್ಶೆಯೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಬಂಧ ಓದಿದ್ದರಿಂದ ನೆಟ್ ಬರುತ್ತದೆಂದು ಯಾರೂ ಭಾವಿಸಬಾರದು.

ಇತಿಹಾಸವನ್ನು ಬೇಗ ಮುಗಿಸೋಣ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ಜನಸಾಮಾನ್ಯರಿಗೆ ಇಂಟರ್ನೆಟ್ ಬಾಗಿಲು ತೆರೆದಾಗ ಹಂಚಿಕೆಯ ಪ್ರಶ್ನೆಯೇ ಇರಲಿಲ್ಲ. ಮೋಡೆಮ್ ಕೀರಲು ದನಿ ತೆಗೆದರೆ ಮನೆಯ ಫೋನ್ ಸತ್ತಂತೆಯೇ. ಜಗಳವೆಲ್ಲ ಫೋನಿನ ಸುತ್ತಲೇ ನಡೆದು ತೀರುತ್ತಿತ್ತು. 1999ರಲ್ಲಿ ವಿಂಡೋಸ್ 98ರ ಎರಡನೇ ಆವೃತ್ತಿಯು ಒಂದು ಕಂಪ್ಯೂಟರಿನ ಸಂಪರ್ಕವನ್ನು ಉಳಿದವುಗಳಿಗೆ ಬಡಿಸುವ ಏರ್ಪಾಡು ತಂದಿತು. ಸಂಪರ್ಕವಿದ್ದ ಕಂಪ್ಯೂಟರ್ 192.168.0.1 ಎಂಬ ವಿಳಾಸ ಧರಿಸಿ ಅವಿಭಕ್ತ ಕುಟುಂಬದ ಯಜಮಾನನಂತೆ ಕೂರುತ್ತಿತ್ತು. ಯಜಮಾನ ಮಲಗಿದರೆ ಮನೆಮಂದಿಗೆಲ್ಲ ಉಪವಾಸ. ಈ ದುರವಸ್ಥೆ ತಪ್ಪಿದ್ದು ನಿದ್ದೆಯೇ ಮಾಡದ ಯಜಮಾನನಾದ ರೌಟರ್ ಬಂದ ಮೇಲೆ.

ವಿಳಾಸಗಳ ಧರ್ಮಶಾಸ್ತ್ರವೆಂದರೆ 1996ರಲ್ಲಿ ಹೊರಬಿದ್ದ ಆರ್‌ಎಫ್‌ಸಿ 1918. ಹತ್ತರಿಂದ ಶುರುವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು ಮತ್ತು 192.168ರವು ಮನೆಯೊಳಗಿನ ಬಳಕೆಗೆ ಮಾತ್ರ, ಹೊಸ್ತಿಲಾಚೆ ಇವಕ್ಕೆ ಬೆಲೆಯಿಲ್ಲ ಎಂಬುದು ಅದರ ವಿಧಿ. ಆದ್ದರಿಂದ ಮೈಸೂರಿನ ಒಂದು ಮನೆಯ 192.168.1.5ಕ್ಕೂ ಧಾರವಾಡದ ಇನ್ನೊಂದು ಮನೆಯ 192.168.1.5ಕ್ಕೂ ಪರಿಚಯವಿಲ್ಲ, ಪರಿಚಯವಿಲ್ಲದ್ದರಿಂದ ವೈರವೂ ಇಲ್ಲ. ಒಳಗಿನಿಂದ ಹೊರಟ ಪ್ರತಿ ಕೋರಿಕೆಗೂ ರೌಟರ್ ತನ್ನ ವಿಳಾಸ ಹಚ್ಚಿ ಕಳಿಸುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಕೇಳಿದವರಿಗೆ ಮುಟ್ಟಿಸುತ್ತದೆ. ಯಾರು ಏನು ಕೇಳಿದರೆಂದು ಅತ್ತೆಯವರಿಗೆ ಹೇಳುವುದಿಲ್ಲ. ಸಂಸಾರ ನಡೆಯುತ್ತಿರುವುದೇ ಇದರಿಂದ.

ಇನ್ನು ಪ್ರಮಾಣಗಳ ವಿಚಾರ. ನೈಯಾಯಿಕರು ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಗೃಹಸ್ಥರು ಹಸಿರು ದೀಪ ಕಂಡು ಇಂಟರ್ನೆಟ್ಟನ್ನು ಊಹಿಸುತ್ತಾರೆ. ವ್ಯಾಪ್ತಿ ಕೆಡುವುದು ಇಲ್ಲೇ. ವೈಫೈ ಗೆರೆಗಳೆಲ್ಲ ತುಂಬಿವೆ ಎಂದರೆ ಫೋನಿಗೂ ರೌಟರಿಗೂ ಮಾತುಕತೆ ಇದೆ ಎಂದಷ್ಟೇ ಅರ್ಥ. ರೌಟರಿಗೂ ಲೋಕಕ್ಕೂ ಮಾತಿದೆಯೇ ಎಂಬುದಕ್ಕೆ ಆ ಗೆರೆಗಳು ಸಾಕ್ಷಿ ಹೇಳಲಾರವು. ನೆಟ್ ಇರುವಲ್ಲಿಯೂ ಕಾಣುವ, ಇಲ್ಲದಲ್ಲಿಯೂ ಕಾಣುವ ಇಂಥ ಲಕ್ಷಣವನ್ನು ತರ್ಕಶಾಸ್ತ್ರ ಸವ್ಯಭಿಚಾರವೆಂಬ ಹೇತ್ವಾಭಾಸಕ್ಕೆ ಸೇರಿಸುತ್ತದೆ. ಫೈಬರ್ ಪೆಟ್ಟಿಗೆಯ ಮೇಲಿನ ಎಲ್‌ಒಎಸ್ ದೀಪ ಕೆಂಪಾದರೆ ಮಾತ್ರ ವಾದಕ್ಕೆ ಎಡೆಯಿಲ್ಲ. ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ. ಬಹುಪಾಲು ಬೀದಿಯಲ್ಲಿ ಯಾರೋ ಅಗೆಯುತ್ತಿದ್ದಾರೆ. ಆಗ ಮನೆಯೊಳಗೆ ಏನು ಮಾಡಿದರೂ ಫಲವಿಲ್ಲ. ಶಬ್ದಪ್ರಮಾಣವೆಂದರೆ ಗ್ರಾಹಕ ಸೇವೆಯವರ ವಾಕ್ಯ. ಅದು ಒಂದೇ ಇದೆ: ‘ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?’

ಈಗ ನಿದರ್ಶನ. ಮೈಸೂರಿನ ಒಂದು ಬಡಾವಣೆಯ ಎರಡಂತಸ್ತಿನ ಮನೆ. ಕೆಳಗೆ ಅತ್ತೆ, ಮಾವ, ಪ್ರಿಂಟರ್ ಮತ್ತು ಕಂಪನಿಯವರು ಕೊಟ್ಟ ಹೊಸ ರೌಟರ್. ಮೇಲೆ ಮಗ, ಸೊಸೆ, ಮೊಮ್ಮಗ ಪುಟ್ಟ. ಮೇಲಕ್ಕೆ ಸಿಗ್ನಲ್ ಸಾಲದೆಂದು ಹಳೇ ರೌಟರನ್ನು ಅಟ್ಟದಿಂದ ಇಳಿಸಿ, ಕೆಳಗಿನಿಂದ ಕೇಬಲ್ ಎಳೆದು ಅದಕ್ಕೆ ಸಿಕ್ಕಿಸಲಾಗಿತ್ತು. ನೆಟ್ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ. ಒಮ್ಮೊಮ್ಮೆ ಸೊಸೆಯ ಲ್ಯಾಪ್‌ಟಾಪಿಗೆ ಇದ್ದು, ಅದೇ ಮೇಜಿನ ಮೇಲಿನ ಪುಟ್ಟನ ಟ್ಯಾಬಿಗೆ ಇರುತ್ತಿರಲಿಲ್ಲ.

ಈ ಕ್ಷೇತ್ರದಲ್ಲಿ ಮೂರು ದರ್ಶನಗಳು ಪ್ರಚಾರದಲ್ಲಿದ್ದವು. ಅತ್ತೆಯವರದು ಮಳೆವಾದ: ಮಳೆ ಬಂದರೆ ನೆಟ್ ಹೋಗುತ್ತದೆ. ಮಗನದು ಡೌನ್‌ಲೋಡ್‌ವಾದ: ಪುಟ್ಟ ಆಟಗಳನ್ನು ಇಳಿಸಿಕೊಳ್ಳುವುದರಿಂದ ನೆಟ್ ಖರ್ಚಾಗಿ ಹೋಗುತ್ತದೆ. ಮಾವನವರು ಪುನರಾರಂಭವಾದದ ಆಚಾರ್ಯರು. ಅವರ ವಾದವಿಧಾನ ತಿಳಿಯಲು ಒಂದು ಸಂವಾದವನ್ನು ಇಲ್ಲಿ ಕೊಡುವುದು ಉಚಿತ.

‘ಏನಮ್ಮಾ, ಮೇಲೆ ಬರ್ತಾ ಇದ್ಯಾ?’

‘ಇಲ್ಲ ಮಾವ, ಸುತ್ತುತ್ತಾನೇ ಇದೆ.’

‘ಸ್ವಿಚ್ ತೆಗೆದು ಹಾಕ್ಲಾ?’

‘ಬೇಡ ಮಾವ, ಮೀಟಿಂಗ್ ಇದೆ, ಫೋನ್ ನೆಟ್ಟಲ್ಲಿ ಹೇಗೋ ಮಾಡ್ಕೋತೀನಿ...’

‘ತೆಗೆದುಬಿಟ್ಟೆ!’

ಪೂರ್ವಪಕ್ಷವನ್ನು ಆಲಿಸುವ ಮೊದಲೇ ಸಿದ್ಧಾಂತವನ್ನು ಜಾರಿಗೆ ತರುವುದು ಈ ದರ್ಶನದ ವೈಶಿಷ್ಟ್ಯ.

ಸತ್ಯವನ್ನು ಹೊರಗೆಡವಿದ್ದು ಪ್ರತ್ಯಕ್ಷ ಪ್ರಮಾಣ. ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ ಎಂದು ಟೈಪಿಸಲಾಗಿ, ಕೆಳಗಿನ ಕಂಪ್ಯೂಟರ್ ತನ್ನ ವಿಳಾಸ 192.168.1ರ ವಂಶದ್ದೆಂದಿತು. ಮೇಲಿನ ಲ್ಯಾಪ್‌ಟಾಪ್ 192.168.0 ಎಂದಿತು. ಒಂದೇ ಮನೆ, ಎರಡು ಗೋತ್ರ! ಮೈಕ್ ಮ್ಯೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮನ್ನು ಪ್ರಯೋಗಿಸಲಾಯಿತು. ಲ್ಯಾಪ್‌ಟಾಪ್ ತನ್ನ ಯಜಮಾನನೆಂದು ನಂಬಿದ್ದ 192.168.0.1 ಥಟ್ಟನೆ ಓಗೊಟ್ಟಿತು. ಹೊರಲೋಕದ 8.8.8.8 ಓಗೊಡಲಿಲ್ಲ. ಅಂದರೆ ಯಜಮಾನನಿದ್ದಾನೆ, ಮನೆಗೆ ಬಾಗಿಲಿಲ್ಲ. (8.8.8.8 ಓಗೊಟ್ಟು ತಾಣಗಳ ಹೆಸರು ಮಾತ್ರ ತೆರೆಯದಿದ್ದರೆ ಅದು ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನ ದೋಷ. ಅದು ಬೇರೆಯೇ ಪ್ರಬಂಧದ ವಸ್ತು.)

ಕಾರಣ ಹೀಗೆ. ಮನೆಗೆ ಬಂದ ಪ್ರತಿ ಯಂತ್ರವೂ ಮೊದಲು ‘ನನಗೊಂದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಡಿಎಚ್‌ಸಿಪಿ ಎಂಬ ಈ ಪದ್ಧತಿಯನ್ನು 1997ರ ಆರ್‌ಎಫ್‌ಸಿ 2131 ವಿವರಿಸುತ್ತದೆ. ಮೊದಲು ಉತ್ತರಿಸಿದವರ ಕೈಯಿಂದಲೇ ಯಂತ್ರ ಸಾಮಾನ್ಯವಾಗಿ ವಿಳಾಸ ಪಡೆದು, ‘ಹೊರಗೆ ಹೋಗುವ ಬಾಗಿಲು ನಾನೇ’ ಎಂಬ ಅವರ ಮಾತನ್ನೂ ನಂಬುತ್ತದೆ. ಯಾರೂ ಉತ್ತರಿಸದಿದ್ದರೆ 169.254ರಿಂದ ಶುರುವಾಗುವ ಸ್ವಯಂಭೂ ವಿಳಾಸವೊಂದನ್ನು ತಾನೇ ಇಟ್ಟುಕೊಂಡು ಏಕಾಂತವಾಸಿಯಾಗುತ್ತದೆ. ನಮ್ಮ ನಿದರ್ಶನದಲ್ಲಿ ಉತ್ತರಿಸುವವರು ಇಬ್ಬರಿದ್ದರು. ಕೇಬಲ್ಲು ಹಳೇ ರೌಟರಿನ ಲ್ಯಾನ್ ತೂತಿಗೆ ಸೇರಿತ್ತು. ಅದಕ್ಕೆ ತಾನು ನಿವೃತ್ತನೆಂದು ಯಾರೂ ತಿಳಿಸಿರಲಿಲ್ಲ. ಸ್ವಂತ ಇಂಟರ್ನೆಟ್ ಇಲ್ಲದಿದ್ದರೂ ಕೂಗಿದವರಿಗೆಲ್ಲ ಶ್ರದ್ಧೆಯಿಂದ ವಿಳಾಸ ಹಂಚುತ್ತಿತ್ತು. ಯಾರ ಉತ್ತರ ಮೊದಲು ಮುಟ್ಟಿತೋ ಆ ಯಂತ್ರ ಆ ಯಜಮಾನನ ಪಾಲು.

ಈ ಬೆಳಕಿನಲ್ಲಿ ದರ್ಶನಗಳನ್ನು ಮರುಪರಿಶೀಲಿಸಿದರೆ ಆಶ್ಚರ್ಯ ಕಾದಿದೆ. ಮಳೆ ಬಂದರೆ ಕರೆಂಟು ಹೋಗುತ್ತದೆ. ಕರೆಂಟು ಮರಳಿದಾಗ ಹಳೇ ರೌಟರ್ ಬೇಗ ಎಚ್ಚರಗೊಳ್ಳುತ್ತದೆ. ಹೊಸದು ಫೈಬರ್ ಹುಡುಕಿ, ಸಂಪರ್ಕ ಸಾಧಿಸಿ ಏಳುವಷ್ಟರಲ್ಲಿ ಮೇಲಿನ ಯಂತ್ರಗಳೆಲ್ಲ ಹಳೆಯದರ ಶಿಷ್ಯರಾಗಿರುತ್ತವೆ. ಆದ್ದರಿಂದ ಅತ್ತೆಯವರ ಮಳೆವಾದ ನಿರಾಧಾರವಲ್ಲ. ಮಾವನವರು ಕೆಳಗಿನ ಸ್ವಿಚ್ ತೆಗೆದು ಹಾಕಿದಾಗಲೂ ಇದೇ ಆಗುತ್ತಿತ್ತು. ಆದರೆ ಸಿಟ್ಟಿಗೆದ್ದ ಸೊಸೆ ಮೇಲಿನ ಸ್ವಿಚ್ಚನ್ನೂ ತೆಗೆದು, ಕೊಂಚ ತಡೆದು ಹಾಕಿದರೆ ಅಷ್ಟರಲ್ಲಿ ಹೊಸದು ಎದ್ದು, ಸ್ಪರ್ಧೆ ಸಮಸಮವಾಗಿ, ನೆಟ್ ಬರುತ್ತಿತ್ತು. ‘ನೋಡಿದ್ಯಾ!’ ಎಂದು ಮಾವನವರು ಕೆಳಗಿನಿಂದ ಕೂಗುತ್ತಿದ್ದರು. ಮಗನ ಡೌನ್‌ಲೋಡ್‌ವಾದಕ್ಕೆ ಮಾತ್ರ ಯಾವ ಆಧಾರವೂ ದೊರೆಯಲಿಲ್ಲ. ಆದರೂ ಹೆಚ್ಚು ಬೈಸಿಕೊಂಡವನು ಪುಟ್ಟನೇ.

ಚಿಕಿತ್ಸೆ ಸರಳ: ಹಳೇ ರೌಟರಿನ ಡಿಎಚ್‌ಸಿಪಿ ಆರಿಸಿ, ಅದಕ್ಕೆ ಹೊಸದರ ವಂಶದಲ್ಲೇ ಯಾರಿಗೂ ಕೊಡದ ಒಂದು ವಿಳಾಸ ಹಚ್ಚಿ, ಕೇಬಲ್ಲನ್ನು ಲ್ಯಾನ್ ತೂತಿನಲ್ಲೇ ಬಿಡುವುದು. (ವ್ಯಾನ್ ತೂತಿಗೆ ಸಿಕ್ಕಿಸಿದರೂ ನೆಟ್ ಬರುತ್ತದೆ, ಆದರೆ ಮೇಲಿನವರ ಪಟ್ಟಿಯಲ್ಲಿ ಕೆಳಗಿನ ಪ್ರಿಂಟರ್ ಕಾಣದೆ ಹೊಸ ಕಲಹಕ್ಕೆ ದಾರಿಯಾಗುತ್ತದೆ.) ಆದರೆ ಹಳೇ ರೌಟರಿನ ಒಳಹೊಗಲು ಪಾಸ್‌ವರ್ಡ್ ಬೇಕು. ಇಲ್ಲಿಂದ ಪ್ರಬಂಧ ಶಾಸನಶಾಸ್ತ್ರಕ್ಕೆ ಹೊರಳುತ್ತದೆ.

ಪಾಸ್‌ವರ್ಡ್ ಶಾಸನ ದೊರೆತದ್ದು ಬೀರುವಿನ ಬಾಗಿಲ ಒಳಮೈಯಲ್ಲಿ, ಹಾಲಿನ ಲೆಕ್ಕದ ಚೀಟಿಯ ಹಿಂಭಾಗದಲ್ಲಿ. ಲಿಪಿಕಾರ, ಹಿಂದೊಮ್ಮೆ ಕನೆಕ್ಷನ್ ಕೊಡಲು ಬಂದಿದ್ದ ಹುಡುಗ. ಕಾಲ, ಚೀಟಿಯಲ್ಲಿ ಕಾಣುವ ಹಾಲಿನ ದರದಿಂದ ಊಹ್ಯ. ಎರಡು ಕಡೆ ದುಂಡಗಿನ ಗುರುತಿದೆ. ಸೊನ್ನೆಯೂ ಇರಬಹುದು, ಓ ಅಕ್ಷರವೂ ಇರಬಹುದು. ಒಂದು ಕಡೆ ನೆಟ್ಟನೆಯ ಗೀಟು: ಒಂದು ಅಂಕಿಯೋ, ಸಣ್ಣ ಎಲ್ಲೋ, ದೊಡ್ಡ ಐಯೋ ತಿಳಿಯದು. ಹೀಗೆ 12 ಪಾಠಾಂತರಗಳು. ಕೊನೆಯ ಅಕ್ಷರ ಅರಿಸಿನದ ಕಲೆಯಲ್ಲಿ ಲುಪ್ತ. 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಹೊರತಂದ ಬಿ. ಎಲ್. ರೈಸ್ ಅವರಿಗೆ ಕಲ್ಲಿನ ಬಿರುಕುಗಳು ಎದುರಾಗಿದ್ದಿರಬಹುದು. ತಪ್ಪಾಗಿ ಓದಿದ್ದಕ್ಕೆ ಕಲ್ಲು ಅವರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿರಲಾರದು. ಈ ರೌಟರ್ ಅದನ್ನೇ ಮಾಡಿತು.

ಕಡೆಗೆ ಉಳಿದದ್ದು ಗ್ರಂಥಸಂಪಾದನೆಯಲ್ಲಿ ಎಲ್ಲೂ ಹೇಳದ ವಿಧಾನ: ಮೂಲಪ್ರತಿಯನ್ನೇ ಅಳಿಸುವುದು. ಅತ್ತೆಯವರ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ರೌಟರಿನ ಹಿಂದಿನ ಸಣ್ಣ ತೂತಿಗೆ ಚುಚ್ಚಿ, ದೀಪಗಳೆಲ್ಲ ಒಟ್ಟಿಗೆ ಮಿನುಗುವವರೆಗೆ ಸೊಸೆ ಒತ್ತಿ ಹಿಡಿದಳು. ರೌಟರ್ ಪೂರ್ವಜನ್ಮವನ್ನೆಲ್ಲ ಮರೆತು, ಹೊಟ್ಟೆಯಡಿಯ ಸ್ಟಿಕರ್‌ನಲ್ಲಿ ಅಚ್ಚಾಗಿದ್ದ ಪಾಸ್‌ವರ್ಡಿಗೆ ತಲೆಬಾಗಿತು. ಡಿಎಚ್‌ಸಿಪಿ ಆರಿಸಿ, ವಿಳಾಸ ಬದಲಿಸಿ ಸೇವ್ ಒತ್ತಿದಾಗ ಅದು ನಿಯಮದಂತೆ ತಾನೇ ಒಮ್ಮೆ ಆರಿ ಹತ್ತಿತು.

ಅದೇ ಗಳಿಗೆಯಲ್ಲಿ ಮಾವನವರು ಕೆಳಗೆ ಸ್ವಿಚ್ ತೆಗೆದು ಹಾಕಿದ್ದರು. ಸ್ವಲ್ಪ ಹೊತ್ತಿಗೆ ಮನೆಯ ಎಲ್ಲ ಯಂತ್ರಗಳಿಗೂ ನೆಟ್ ಬಂತು, ಆಮೇಲೆ ಹೋಗಲಿಲ್ಲ. ಕುಟುಂಬದ ಇತಿಹಾಸದಲ್ಲಿ ಇದು ಪುನರಾರಂಭವಾದದ ದಿಗ್ವಿಜಯವೆಂದೇ ದಾಖಲಾಗಿದೆ. ಎದುರುಮನೆಯವರಿಗೂ ಮಾವನವರು ಈಗ ಅದೇ ಚಿಕಿತ್ಸೆ ನಡೆಸುತ್ತಿದ್ದಾರೆ. ಅಲ್ಲಿ ಎಲ್‌ಒಎಸ್ ದೀಪ ಕೆಂಪಗಿದೆ.