‘ಸುಲಭ’ ಎನ್ನಬೇಡಿ: ಒಂದು ಕ್ರಿಯಾರೂಪದ ಸಂದರ್ಶನ

ಲ್ಯಾಟಿನ್ನಿನ ಅಪೂರ್ಣ ಭೂತಕಾಲದ ಕರ್ಮಣಿ ಸಂಭಾವನಾರ್ಥಕ ರೂಪದ ಎದುರು ‘ಸುಲಭ’ ಎಂಬ ಮಾತು ಆಡಬಾರದು. ಪಠ್ಯಪುಸ್ತಕಗಳು ತನ್ನನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆಂದು ಅದಕ್ಕೆ ಸಿಟ್ಟು. ಹುಟ್ಟಿದ್ದು ಹೇಗೆ ಎಂದು ಸಂದರ್ಶಕ ಕೇಳಿದಾಗ ಅದು ಕೊಟ್ಟ ಉತ್ತರವೂ ಒಂದೇ ಸಾಲಿನದು: ‘ಪ್ರೀತಿಸಲು’ ಎಂಬರ್ಥದ ‘ಅಮಾರೆ’ಗೆ ಕರ್ಮಣಿ ಪ್ರತ್ಯಯ ಹಚ್ಚಿ. ಅಮಾರೆರ್, ಅಮಾರೇರಿಸ್, ಅಮಾರೇತುರ್. ಬಹುವಚನದಲ್ಲಿ ಅಮಾರೇಮುರ್, ಅಮಾರೇಮಿನೀ, ಅಮಾರೆಂತುರ್. ಮೊದಲನೆಯದರಲ್ಲೂ ಕೊನೆಯದರಲ್ಲೂ ಎಕಾರ ಹ್ರಸ್ವ, ನಡುವಿನ ನಾಲ್ಕರಲ್ಲಿ ದೀರ್ಘ. ರೋಮನ್ ಲಿಪಿ ಅಕ್ಷರದ ನೆತ್ತಿಯ ಮೇಲೆ ಗೆರೆ ಎಳೆದು ತೋರಿಸಬೇಕಾದ ಈ ಭೇದ ಕನ್ನಡದಲ್ಲಿ ತಾನಾಗಿ ಕಾಣುತ್ತದೆ.

ಬಳಕೆಯ ಬಗ್ಗೆ ಕೇಳಿದರೆ ರೂಪ ಉತ್ತರಿಸದೆ ಡೆಪೊನೆಂಟ್ ಕ್ರಿಯಾಪದಗಳ ಮೇಲೆ ಹರಿಹಾಯಿತು. ‘ಹಿಂಬಾಲಿಸು’ ಎಂಬರ್ಥದ ಸೆಕ್ವೋರ್ ತೊಡುವುದು ಕರ್ಮಣಿಯ ವೇಷ, ಕೊಡುವುದು ಕರ್ತರಿಯ ಅರ್ಥ. ಅಮಾರೆಯಂಥ ಮೂಲರೂಪ ಅದಕ್ಕಿಲ್ಲ. ಆದರೂ ‘ಸೆಕ್ವೆರೆ’ ಇತ್ತೆಂದು ಕಲ್ಪಿಸಿಕೊಂಡು ‘ಸೆಕ್ವೆರೇತುರ್’ ಆಗಿಬಿಡುತ್ತದೆ: ಇಲ್ಲದ ಅಜ್ಜನ ಹೆಸರಿನಲ್ಲಿ ಆಸ್ತಿಯ ಪಾಲು ಕೇಳಿದ ಹಾಗೆ. ‘ಮಾಡು’ ಎಂಬರ್ಥದ ಫಕಿಯೋ ಇನ್ನೂ ಕಡೆ. ಕರ್ಮಣಿ ಬೇಕಾದಾಗ ಅದು ಫೀಯೋವನ್ನು ಕಳಿಸುತ್ತದೆ. ಫೀಯೋ ಕರ್ತರಿಯ ಪ್ರತ್ಯಯದಲ್ಲೇ ‘ಫಿಯೆರೆತ್’ ಎಂದು ಕೆಲಸ ಮುಗಿಸುತ್ತದೆ.

ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದರೆ ಉದ್ದೇಶ, ಪರಿಣಾಮ, ಪರೋಕ್ಷ ಪ್ರಶ್ನೆ, ಭಯ ಹೇಳುವ ಅಧೀನ ವಾಕ್ಯಗಳಲ್ಲಿ ಈ ರೂಪ ಬರುತ್ತದೆ. ‘ತಿಮೇಬತ್ ನೇ ಕಪೆರೇತುರ್’: ಸೆರೆ ಸಿಕ್ಕೇನೆಂದು ಹೆದರುತ್ತಿದ್ದ. ಕ್ರಿ.ಪೂ. 44ರ ಮಾರ್ಚ್ 15ರಂದು ಸಂಚುಗಾರರು ಸೆನೆಟ್ ಸಭೆಗೆ ಬಂದದ್ದು ‘ಉತ್ ಕೈಸರ್ ಇಂತೆರ್ಫಿಕೆರೇತುರ್’, ಸೀಸರ್ ಹತನಾಗಲೆಂದು. ಯಾರಿಂದ? ‘ಅಬ್’ ಸೇರಿಸಿ ಹೆಸರು ಹೇಳಬಹುದು, ಹೇಳದೆಯೂ ಇರಬಹುದು.

ಸಂದರ್ಶಕ ಕಾಯುತ್ತಿದ್ದದ್ದು ಇದಕ್ಕೇ. ‘ಅರ್ಜಿ ತಿರಸ್ಕರಿಸಲಾಗಿದೆ’, ‘ಮನೆ ತೆರವುಗೊಳಿಸಲಾಗಿದೆ’ ಎನ್ನುವ ಕಚೇರಿಯ ಕನ್ನಡ ಇದನ್ನು ತಮ್ಮಿಂದಲೇ ಕಲಿತದ್ದೇ ಎಂದು ಕೇಳಿದ. ಮುಂದಿನ ಮೂರು ಪ್ರಶ್ನೆಗಳೂ ಅದೇ. ರೂಪದ ದನಿ ಬದಲಾಯಿತು. ಗುಡಿಸಲು ಕೆಡವುವ ಆದೇಶಕ್ಕೆ ಯಾರೋ ಸಹಿ ಹಾಕಿರುತ್ತಾರೆ; ಅವರಿಗೆ ಹೆಸರಿದೆ, ಹುದ್ದೆಯಿದೆ, ಸಂಬಳವಿದೆ. ಬೀದಿಗೆ ಬಿದ್ದವರು ಆ ಹೆಸರು ತಿಳಿಯಲು ಮತ್ತೊಂದು ಅರ್ಜಿ ಹಾಕಬೇಕು. ಕರ್ತೃವಿಗೆ ಜಾಗ ಬಿಟ್ಟ ಭಾಷೆಯ ಮೇಲೆ ತಪ್ಪು ಹೊರಿಸಬೇಡಿ ಎಂದಿತು.

ಉಳಿದದ್ದು ಷರತ್ತಿನ ಬಳಕೆ. ಹೆಸರಲ್ಲಿ ಭೂತಕಾಲವಿದ್ದರೂ ಅಲ್ಲಿ ಮಾತು ವರ್ತಮಾನದ್ದೇ: ‘ಸೀ ರೊಗಾರೇತುರ್, ರೆಸ್ಪೊಂದೇರೆತ್’. ಅವನನ್ನು ಕೇಳುವವರಿದ್ದಿದ್ದರೆ ಉತ್ತರಿಸುತ್ತಿದ್ದ. ಯಾರೂ ಕೇಳುತ್ತಿಲ್ಲವೆಂಬುದು ಕ್ರಿಯಾರೂಪದಲ್ಲೇ ಅಡಕ.