ಅಲ್ಪವ್ಯಯದ ಚಳಿ: ಶಾಸ್ತ್ರ ಮತ್ತು ಪ್ರಯೋಗ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದು ಆಸೆ ತಲೆಯೆತ್ತುತ್ತದೆ. ಎಂಟು-ಹತ್ತು ಸಂಸಾರ ಸೇರಿ ಮಲೆನಾಡಿನ ಯಾವುದಾದರೂ ಹಂಚಿನ ಕುಟೀರದಲ್ಲಿ ಎರಡು ರಾತ್ರಿ ಕಳೆಯಬೇಕು, ಮಕ್ಕಳಿಗೆ ನೇಚರ್ ತೋರಿಸಬೇಕು, ದುಡ್ಡು ಮಾತ್ರ ಖರ್ಚಾಗಬಾರದು. ಈ ಆಸೆಯನ್ನು ವೈಜ್ಞಾನಿಕವಾಗಿ ನಿಭಾಯಿಸಬಲ್ಲ ತಜ್ಞರು ನಾಡಿನಲ್ಲಿ ವಿರಳ. ಆ ಕೊರತೆ ತುಂಬಲು ಈ ಮಾರ್ಗದರ್ಶಿ.

ಮೊದಲು ಚಳಿಯ ದರ ಗೊತ್ತುಮಾಡಿಕೊಳ್ಳಬೇಕು. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ವಾಯುಮಂಡಲದ ನಿಯಮ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಕೆಮ್ಮಣ್ಣುಗುಂಡಿ 1,434 ಮೀಟರ್. ಅಂದರೆ ಲಾಭ ಮೂರು ಡಿಗ್ರಿ ಚಿಲ್ಲರೆ. ದಾರಿ ಸುಮಾರು 270 ಕಿಲೋಮೀಟರ್. ಭಾಗಿಸಿದರೆ ಡಿಗ್ರಿಯೊಂದಕ್ಕೆ ಎಂಬತ್ತು ಕಿಲೋಮೀಟರ್ ಬೀಳುತ್ತದೆ. ಇದು ನ್ಯಾಯವಾದ ದರವೇ. 1,478 ಮೀಟರಿನ ನಂದಿಬೆಟ್ಟ ಅರವತ್ತು ಕಿಲೋಮೀಟರಿಗೇ ಸಿಗುತ್ತದೆ, ಇನ್ನೂ ಅಗ್ಗ; ಆದರೆ ಅಲ್ಲಿಗೆ ಬೆಂಗಳೂರೂ ಬಂದಿರುತ್ತದೆ.

ದಿನಾಂಕ ಗೊತ್ತುಮಾಡುವುದು ಶಿಬಿರದ ಅತ್ಯಂತ ದೀರ್ಘ ಚಟುವಟಿಕೆ. ಸ್ಟೇಟ್ ಸಿಲಬಸ್‌ನ ಮಕ್ಕಳು ದಸರಾ ರಜೆಯಲ್ಲೇ ಅಜ್ಜಿ ಮನೆ ಮುಗಿಸಿ ಬಂದಿರುತ್ತಾರೆ, ಕಾನ್ವೆಂಟಿನವರಿಗೆ ಕ್ರಿಸ್‌ಮಸ್ ರಜೆ. ಮಾಲೆ ಹಾಕಿದವರು ಮಂಡಲಪೂಜೆ ಮುಗಿಯುವತನಕ ಬರುವಂತಿಲ್ಲ. ಅದು ಮುಗಿಯುವ ಹೊತ್ತಿಗೆ ಹೊಸ ವರ್ಷದ ಬಾಡಿಗೆ ಶುರುವಾಗಿರುತ್ತದೆ. ನಡುವೆ ಯಾರೋ ಧನುರ್ಮಾಸದಲ್ಲಿ ಶುಭಕಾರ್ಯ ಕೂಡದು ಎನ್ನುತ್ತಾರೆ. ಅವರಿಗೆ ಬಜೆಟ್ ತೋರಿಸಬೇಕು. ತಲೆಗೆ ಎಷ್ಟೆಂದು ನೋಡಿದ ಮೇಲೆ ಇದರಲ್ಲಿ ಶುಭಕಾರ್ಯದ ಲಕ್ಷಣವೇ ಇಲ್ಲವೆಂದು ಅವರೇ ಒಪ್ಪುತ್ತಾರೆ.

ಪ್ರಯಾಣಕ್ಕೆ ಶಾಸ್ತ್ರ ಹೇಳುವುದು ರೈಲು. ತರೀಕೆರೆಯಲ್ಲೋ ಬೀರೂರಿನಲ್ಲೋ ಇಳಿಯಬಹುದು. ಟಿಕೆಟ್ ಅರವತ್ತು ದಿನ ಮುಂಚೆ ತೆರೆಯುತ್ತದೆ. ‘ನೋಡೋಣ, ಬರಬಹುದು’ ಎಂದವರು ‘ಬರ್ತೀವಿ’ ಎನ್ನುವುದು ಹನ್ನೊಂದು ದಿನ ಉಳಿದಾಗ. ಆದ್ದರಿಂದ ಎಲ್ಲರೂ ಕೊನೆಗೆ ಹತ್ತುವುದು, ಹಣೆಯ ಮೇಲೆ ‘ಪ್ರಾಸಂಗಿಕ ಕರಾರು’ ಎಂದು ಬರೆದುಕೊಂಡ ಬಸ್ಸನ್ನು. ಬಸ್ಸಿಗೆ ಮುಂಗಡ ಕಟ್ಟಿದ ಸಂಜೆಯೇ ಮೂರು ಮನೆಯವರು ‘ನಾವು ಕಾರಲ್ಲೇ ಬಂದ್ಬಿಡ್ತೀವಿ, ಮಗೂಗೆ ಬಸ್ಸಲ್ಲಿ ವಾಂತಿ’ ಎಂದು ತಿಳಿಸುತ್ತಾರೆ. ಆ ಸೀಟುಗಳಲ್ಲಿ ಅವರ ಲಗೇಜು ಬರುತ್ತದೆ.

ಲಗೇಜಿನ ಬಗ್ಗೆ ಒಂದು ಚಾರಿತ್ರಿಕ ಮಾತು. ಒಂದು ಕಾಲಕ್ಕೆ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ರೋಪ್‌ವೇಯಲ್ಲಿ ಬೆಟ್ಟ ಇಳಿದು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಈಗ ಹೆಚ್ಚುಕಡಿಮೆ ಅಷ್ಟೇ ಲೋಹ ಇಂಡಕ್ಷನ್ ಒಲೆ, ಕುಕ್ಕರು, ಇಡ್ಲಿ ಪಾತ್ರೆ, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡುಗಳ ರೂಪದಲ್ಲಿ ಬೆಟ್ಟ ಹತ್ತುತ್ತಿದೆ. ಸರಳ ಜೀವನಕ್ಕೆ ಇಷ್ಟಾದರೂ ಬೇಕು. ಕುಟೀರದಲ್ಲಿ ಬಾಡಿಗೆ ಉಳಿಯಿತೆಂಬ ಸಂತೋಷದಲ್ಲಿ ಮನೆಗೆ ನಾಲ್ಕರಂತೆ ಹಿಮಾಲಯದ ಜಾಕೆಟ್ ಕೊಂಡಿರುವುದು ಬೇರೆ ಖಾತೆ. ಅದು ಶಿಬಿರದ ಲೆಕ್ಕಕ್ಕೆ ಬರುವುದಿಲ್ಲ.

ಕುಟೀರ ಹೇಗಿರಬೇಕು? ಗೋಡೆಯ ಬಿಳಿ ಸುಣ್ಣ ಮೈಗೆ ಅಂಟಬೇಕು. ಬಾಗಿಲನ್ನು ಭುಜದಿಂದ ಒತ್ತಿ ಎತ್ತಿದರೆ ಮಾತ್ರ ಚಿಲಕ ಬೀಳಬೇಕು. ಕೋಣೆಗೊಂದೇ ಬಲ್ಬು, ಅದರ ಸ್ವಿಚ್ಚು ಪಕ್ಕದ ಕೋಣೆಯಲ್ಲಿ. ಬಚ್ಚಲು ಅಂಗಳ ದಾಟಿದ ಮೇಲೆ. ಇದೇ ಬಚ್ಚಲು ದೂರವೆಂದು ನಾವೆಲ್ಲ ಊರಿನ ಅಜ್ಜಿ ಮನೆಗೆ ಹೋಗುವುದನ್ನು ಬಿಟ್ಟಿದ್ದು ನಿಜ. ಆದರೆ ಅಲ್ಲಿ ಬಾಡಿಗೆ ಇರಲಿಲ್ಲವಾದ್ದರಿಂದ ಅದು ಅನಾನುಕೂಲ, ಇಲ್ಲಿ ಅನುಭವ.

ಇನ್ನು ಸ್ನಾನ. ಇಡೀ ಶಿಬಿರದ ಯಶಸ್ಸು ನಿಂತಿರುವುದು ಇದರ ಮೇಲೆ, ಹಾಗಾಗಿ ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ಇಪ್ಪತ್ತೈದು ಲೀಟರಿನ, ಎರಡು ಕಿಲೋವ್ಯಾಟಿನ ಗೀಸರ್ 18 ಡಿಗ್ರಿಯ ನೀರನ್ನು 50 ಡಿಗ್ರಿಗೆ ಏರಿಸಲು ಹತ್ತಿರಹತ್ತಿರ ಅರ್ಧ ಗಂಟೆ ಬೇಕು. ತಣ್ಣೀರು ಬೆರೆಸಿದರೆ ಎರಡು ಬಕೆಟ್ ಬಿಸಿನೀರಾಯಿತು, ಅಂದರೆ ಇಬ್ಬರ ಸ್ನಾನ. ಕುಟೀರಕ್ಕೆ ಹನ್ನೆರಡು ಜನ. ಹಾಗಾಗಿ ಮೂರು ಗಂಟೆ. ಬೆಳಿಗ್ಗೆ ಆರಕ್ಕೆ ಶುರುವಿಟ್ಟರೆ ಒಂಬತ್ತಕ್ಕೆ ಮುಗಿಯಬೇಕು. ಮುಗಿಯುವುದಿಲ್ಲ. ಆರೂವರೆಗೆ ಯಾರೋ ಇಡ್ಲಿಗೆ ಇಂಡಕ್ಷನ್ ಹಚ್ಚುತ್ತಾರೆ, ಅದೂ ಎರಡು ಕಿಲೋವ್ಯಾಟ್. ಇನ್ಯಾರೋ ಕಾಫಿಗೆಂದು ಒಂದೂವರೆ ಕಿಲೋವ್ಯಾಟಿನ ಕೆಟಲ್ ಚುಚ್ಚುತ್ತಾರೆ. ಹದಿನಾರು ಆಂಪಿಯರಿನ ಲೈನು ತಡೆಯುವುದು ಮೂರೂಮುಕ್ಕಾಲು ಕಿಲೋವ್ಯಾಟ್ ಮಾತ್ರ. ಫ್ಯೂಸು ಹೋಗುತ್ತದೆ. ಮೈಗೆಲ್ಲ ಸೋಪು ಹಚ್ಚಿಕೊಂಡವರು ಒಳಗಿನಿಂದ ‘ಏನಾಯ್ತೂ?’ ಎಂದು ಕೂಗುತ್ತಾರೆ. ಹೊರಗೆ ಕ್ಯೂನಲ್ಲಿ ಟವೆಲ್ ಹೆಗಲಿಗೆ ಹಾಕಿ ನಿಂತವರೆಲ್ಲ, ಪರಸ್ಪರ ಮಾತಾಡಿಕೊಳ್ಳದೆಯೇ, ‘ನಾನು ಸಂಜೆ ಮಾಡ್ತೀನಿ’ ಎಂಬ ಒಂದೇ ತೀರ್ಮಾನಕ್ಕೆ ಬರುತ್ತಾರೆ. ಎರಡನೇ ದಿನ ಕುಟೀರ ನೋಡಿಕೊಳ್ಳುವವರ ಮನೆಯ ಹಿತ್ತಲಲ್ಲಿ ಒಲೆಯ ಮೇಲೆ ಕೂತ ತಾಮ್ರದ ಹಂಡೆ ಯಾರ ಕಣ್ಣಿಗೋ ಬೀಳುತ್ತದೆ. ಅದಕ್ಕೆ ಆಂಪಿಯರ್ ಗೊತ್ತಿಲ್ಲ. ಅಂದಿನಿಂದ ಆ ಮನೆಯವರಿಗೆ ಹಿತ್ತಲಿಲ್ಲ.

ಬೆಂಕಿಯ ವಿಚಾರದಲ್ಲಿ ಶಿಬಿರಾರ್ಥಿಗಳಿಗೆ ದೊಡ್ಡ ಕನಸುಗಳಿರುತ್ತವೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಪಕ್ಕದಲ್ಲೇ ಭದ್ರಾ ಹುಲಿ ಅಭಯಾರಣ್ಯವಿದೆ. ಗಿಟಾರ್ ತಂದಿದ್ದೀವಿ ಎಂಬ ಕಾರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಅನುಮತಿಯಿರುವ ಅಂಗಳದಲ್ಲಿ, ಕುಟೀರದವರೇ ಹಾಕಿಕೊಟ್ಟ ಬೆಂಕಿಗೆ ಕೈ ಕಾಯಿಸಬಹುದು. ಮುಂದಿನ ಮೈ ಸುಡುತ್ತದೆ, ಹಿಂದಿನದು ಹೆಪ್ಪುಗಟ್ಟುತ್ತದೆ, ಆಗಾಗ ತಿರುಗಿ ನಿಲ್ಲಬೇಕು. ಮಲಗುವಾಗ ಮಾತ್ರ ಒಬ್ಬ ಜಾಣ ಕೆಂಡವನ್ನು ಬಕೆಟ್ಟಿಗೆ ತುಂಬಿ ಕೋಣೆಗೆ ತರಲು ಹೊರಡುತ್ತಾನೆ. ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸಿ ಎಬ್ಬಿಸುವ ಸೌಜನ್ಯವೂ ಇಲ್ಲ. ಹತ್ತು ಜನ ಮಲಗಿದವರು ಹತ್ತು ಜನವೂ ಏಳದೆ ಹೋಗಬಹುದು. ಬಕೆಟ್ಟನ್ನೂ ಜಾಣನನ್ನೂ ಹೊರಗೇ ಬಿಟ್ಟು ಚಿಲಕ ಹಾಕಿ.

ಮನರಂಜನೆಗೆ ದುಡ್ಡು ಹಾಕುವವರು ಅವರೆಕಾಯಿಯ ಶಕ್ತಿ ಅರಿಯದವರು. ಕಾಲವೂ ಇದೇ. ಇಬ್ಬನಿಗೆ ಸೊಗಡು ತುಂಬಿಕೊಂಡ ಕಾಯಿಯನ್ನು ಬೆಂಗಳೂರಿನಿಂದಲೇ ಮೂಟೆಯಲ್ಲಿ ತಂದು, ಮೊದಲ ಸಂಜೆ ಸುಲಿದು, ಕಾಳನ್ನು ನೆನೆಹಾಕಬೇಕು. ಮಾರನೆಯ ಬೆಳಿಗ್ಗೆ ಸ್ನಾನದ ಕ್ಯೂನಲ್ಲಿರುವವರ ಕೈಗೆಲ್ಲ ಒಂದೊಂದು ಬಟ್ಟಲು. ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಟ್ಟನೆ ಹಾರಿ ಎದುರಿಗಿದ್ದವರ ಕನ್ನಡಕಕ್ಕೆ ಬಡಿಯುತ್ತದೆ, ಸಿಪ್ಪೆ ಬೆರಳಿಗೆ ಅಂಟುತ್ತದೆ. ಕೈ ಒದ್ದೆಯಾಗಿರುವುದರಿಂದ ಮೊಬೈಲ್ ಮುಟ್ಟುವಂತಿಲ್ಲ. ಮಕ್ಕಳು ದೊಡ್ಡವರೊಂದಿಗೆ ಎರಡು ಗಂಟೆ ಮಾತಾಡಿದ್ದು ದಾಖಲಾಗುವುದು ಇಲ್ಲಿ ಮಾತ್ರ. ಇದಕ್ಕೆ ‘ಟೀಮ್ ಬಿಲ್ಡಿಂಗ್’ ಎಂದು ಹೆಸರಿಟ್ಟರೆ ಕಂಪನಿಗಳು ತಲೆಗೆ ಎರಡು ಸಾವಿರ ಕೊಡಬಹುದು. ನಾವು ಹಿತಕಿದಬೇಳೆ ಸಾರಿಗೇ ತೃಪ್ತರು.

ನೇಚರ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಹೊರಗಿರುತ್ತದೆ. ಮಂಗಗಳು ಬಂದು ಬನ್ನು ಒಯ್ಯುವಾಗ ಮಕ್ಕಳಿಗೆ ತೋರಿಸಿದರೆ ಪಾಠ ಮುಗಿಯಿತು.

ಕೊನೆಯದು ಲೆಕ್ಕ. ಅಲ್ಪವ್ಯಯವೆಂದರೆ ಕಡಿಮೆ ಖರ್ಚು ಮಾಡುವುದಲ್ಲ, ಖರ್ಚನ್ನು ಬೇರೆ ಖಾತೆಗೆ ಬರೆಯುವುದು ಎಂಬುದು ಈ ಶಾಸ್ತ್ರದ ಮೂಲಸೂತ್ರ. ಜಾಕೆಟ್ಟು ಬಟ್ಟೆಯ ಖಾತೆಗೆ, ದಾರಿಯ ತಟ್ಟೆ ಇಡ್ಲಿ ಅವರವರ ಜೇಬಿಗೆ, ಸುಟ್ಟ ಫ್ಯೂಸು ದೇವರ ಲೆಕ್ಕಕ್ಕೆ. ಉಳಿದದ್ದು ತಲೆಗೆ ಇಷ್ಟು. ಅಲ್ಲಿಯೂ ಏಳು ವರ್ಷದ ಮಗು ಅರ್ಧ ತಲೆಯೋ ಪೂರ್ತಿಯೋ, ಮೊಟ್ಟೆ ತಿನ್ನದವರು ಮೊಟ್ಟೆಗೆ ಕೊಡಬೇಕೋ ಎಂಬ ಜಿಜ್ಞಾಸೆ ಸಂಕ್ರಾಂತಿಯ ಎಳ್ಳು-ಬೆಲ್ಲದವರೆಗೂ ನಡೆಯುತ್ತದೆ. ಹೇಗೆ ಕೂಡಿದರೂ ಖಜಾಂಚಿಗೆ ನಾನೂರು ರೂಪಾಯಿ ನಷ್ಟ. ಯಾವ ಖಜಾಂಚಿಯೂ ಎರಡನೇ ವರ್ಷ ಮುಂದುವರಿದ ನಿದರ್ಶನವಿಲ್ಲ.

ಆದ್ದರಿಂದ ಈ ವರ್ಷದ ಶಿಬಿರಕ್ಕೆ ಹೆಸರು ಕೊಡುವವರಲ್ಲಿ ವಿನಂತಿ: ಮುಂಗಡ ಕೊಟ್ಟೇ ಹೆಸರು ಕೊಡಿ, ‘ನೋಡೋಣ’ ಎಂದವರಿಗೆ ಸೀಟಿಲ್ಲ. ಇಂಡಕ್ಷನ್ ಒಲೆ ಇಡೀ ತಂಡಕ್ಕೆ ಒಂದೇ. ಅವರೆಕಾಯಿ ಮನೆಗೆ ಎರಡು ಕಿಲೋ ಕಡ್ಡಾಯ. ಖಜಾಂಚಿ ಹುದ್ದೆ ಖಾಲಿ ಇದೆ.