ಕಳ್ಳರು ಕಟ್ಟಿದ ಬೆಲೆ

ಮೊದಲು ನಾನು ಅದನ್ನು ಫಾಂಟಿನ ತೊಂದರೆ ಅಂದುಕೊಂಡೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರಿಗೆ ಇದೇನು ಹೊಸದಲ್ಲ. ನುಡಿ ತಂತ್ರಾಂಶದಲ್ಲಿ ಬರೆದದ್ದನ್ನು ನುಡಿ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಅನ್ನುವ ಪದವೇ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಅದರ ಪಕ್ಕ ಬ್ರಿಟಿಷರ ಪೌಂಡಿನ ಗುರುತು, ಹೀಗೆ ಮೆರವಣಿಗೆ ಹೊರಟಂತೆ ಕಾಣಿಸುತ್ತದೆ. “ಫಾಂಟ್ ಹಾಕ್ಕೊಳ್ಳಿ ಸಾರ್, ಸರಿಹೋಗುತ್ತೆ” ಎಂದು ಸಂಪಾದಕರಿಗೆ ಫೋನ್ ಮಾಡಿ ಮಾಡಿ ನನಗೆ ಆ ಮಾತು ಬಾಯಿಪಾಠ. ಹಾಗಾಗಿ ಆ ದಿನ ನನ್ನ ಪ್ರಬಂಧವೊಂದನ್ನು ತೆರೆದಾಗ ಚೌಕ, ಚುಕ್ಕಿ, ಕೊಕ್ಕೆಗಳು ಕಂಡರೂ ನಾನು ಎದೆಗೆಡಲಿಲ್ಲ. ಶಾಂತವಾಗಿ ನುಡಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿದೆ. ಚೌಕಗಳು ಕದಲಲಿಲ್ಲ. ಬರಹ ತಂತ್ರಾಂಶ ಹಾಕಿ ನೋಡಿದೆ. ಆಗಲೂ ಇಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು: ಎಲ್ಲ ಫೈಲುಗಳ ಹೆಸರಿನ ಕೊನೆಗೂ ನಾಲ್ಕಕ್ಷರದ ಒಂದು ಬಾಲ ಬೆಳೆದಿತ್ತು. ಸೊಸೆಯ ಸೀಮಂತದ ಫೋಟೋಗೂ ಅದೇ ಬಾಲ, ವಿದ್ಯುತ್ ಬಿಲ್ಲಿಗೂ ಅದೇ ಬಾಲ.

ಅದು 2021ರ ಆಷಾಢ. ಊರಿಗೆ ಅನ್‌ಲಾಕ್ ಆಗಿ ಹದಿನೈದು ದಿನವೂ ಆಗಿರಲಿಲ್ಲ, ನನಗೆ ಲಾಕ್ ಆಯಿತು.

ಹೇಗಾಯಿತು ಅನ್ನುವುದನ್ನು ಮನೆಯವರಿಗೆ ಹೇಳಿದ್ದು ಒಂದು ಥರ, ನಡೆದದ್ದು ಇನ್ನೊಂದು ಥರ. ಇಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಪಿಡಿಎಫ್ ತಿದ್ದುವ ಒಂದು ತಂತ್ರಾಂಶ ಬೇಕಾಗಿತ್ತು. ಅದಕ್ಕೆ ದುಡ್ಡು. ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಹರಿಶ್ಚಂದ್ರನ ಕಥೆ ಹೇಳಿ ನಿವೃತ್ತನಾದ ನಾನು, ಅದರ ‘ಕ್ರ್ಯಾಕ್’ ಹುಡುಕಿದೆ. ಸಿಕ್ಕಿತು. ಜೊತೆಗೊಂದು ಸೂಚನೆ: ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ. ಅಂದರೆ, ನಾಯಿಯನ್ನು ಹಿತ್ತಲಲ್ಲಿ ಕಟ್ಟಿ ಬಾಗಿಲು ತೆಗೆಯಿರಿ, ನಾವು ಬರುತ್ತಿದ್ದೇವೆ ಎಂದು. ಕಟ್ಟಿದೆ. ಒತ್ತಿದೆ. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ, ಕಾಯಿರಿ ಎಂದು ಪರದೆಯ ಮೇಲೆ ಬಂತು. ವಿಂಡೋಸ್ ಅಂದಮೇಲೆ ಅಪ್‌ಡೇಟ್ ಆಗದೆ ಇರುತ್ತದೆಯೇ? ಎದ್ದು ಹೋಗಿ ಕಾಫಿ ಕುಡಿದು ಬಂದೆ. ಅದು ವಿಂಡೋಸಿನ ಅಪ್‌ಡೇಟ್ ಆಗಿರಲಿಲ್ಲ. ನಾನು ಕಾಫಿ ಹೀರುವ ಹೊತ್ತಿಗೆ ಒಳಗೆ ಒಂದೊಂದೇ ಕೋಣೆಗೆ ಬೀಗ ಬೀಳುತ್ತಿತ್ತು.

ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ ಇಟ್ಟು ಹೋಗಿದ್ದರು. ನಾನು ಓದಿದ ಎಷ್ಟೋ ಸರ್ಕಾರಿ ಸುತ್ತೋಲೆಗಳಿಗಿಂತ ಆ ಚೀಟಿ ಸ್ಪಷ್ಟವಾಗಿತ್ತು. ಗಾಬರಿ ಬೇಡ, ನಿಮ್ಮ ಫೈಲುಗಳನ್ನೆಲ್ಲ ಮರಳಿ ಪಡೆಯಬಹುದು ಎಂದು ಸಾಂತ್ವನದಿಂದಲೇ ಆರಂಭ. ಬೆಲೆ 980 ಡಾಲರ್. 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕರ್ಧ ರಿಯಾಯಿತಿ, 490 ಡಾಲರ್. ಆಷಾಢದಲ್ಲಿ ಸೀರೆ ಅಂಗಡಿಯವರು ಬೋರ್ಡು ಹಾಕುವುದನ್ನು ನೋಡಿದ್ದೆ. ದರೋಡೆಕೋರರಿಗೂ ಆಷಾಢ ಇದೆಯೆಂದು ಗೊತ್ತಿರಲಿಲ್ಲ. ಲೆಕ್ಕ ಹಾಕಿದೆ. ರಿಯಾಯಿತಿಯಲ್ಲಿ 36 ಸಾವಿರ ಚಿಲ್ಲರೆ, ಪೂರ್ತಿ ಬೆಲೆಯಾದರೆ 73 ಸಾವಿರ.

ಇಲ್ಲಿ ಒಂದು ನಾಚಿಕೆಗೇಡಿನ ಸಂಗತಿ ಒಪ್ಪಿಕೊಳ್ಳಬೇಕು. ಸಂಕಟದ ನಡುವೆಯೂ ನನಗೆ ಒಳಗೊಳಗೇ ಒಂದು ಪುಳಕವಾಯಿತು. ನನ್ನ ಸಮಗ್ರ ಸಾಹಿತ್ಯಕ್ಕೆ ಅಷ್ಟು ಬೆಲೆ ಕಟ್ಟಿದವರು ಅವರೇ ಮೊದಲು. ನನ್ನ ಕೊನೆಯ ಪುಸ್ತಕಕ್ಕೆ ಪ್ರಕಾಶಕರು ಸಂಭಾವನೆಯಾಗಿ ಕೊಟ್ಟದ್ದು ಅದೇ ಪುಸ್ತಕದ ಇಪ್ಪತ್ತೈದು ಪ್ರತಿ.

ಚೀಟಿಯಲ್ಲಿ ಇನ್ನೊಂದು ಸಾಲಿತ್ತು. ಹಲಸಿನ ಹಣ್ಣು ಮಾರುವವನು ಒಂದು ತೊಳೆ ರುಚಿಗೆ ಕೊಡುತ್ತಾನಲ್ಲ, ಹಾಗೆ ಇವರೂ ಒಂದು ಫೈಲನ್ನು ಪುಕ್ಕಟೆ ತೆರೆದು ತೋರಿಸುತ್ತಾರಂತೆ, ನಂಬಿಕೆ ಬರಲೆಂದು. ಆದರೆ ಒಂದು ಷರತ್ತು: ಆ ಫೈಲಿನಲ್ಲಿ ಬೆಲೆಬಾಳುವಂಥದ್ದೇನೂ ಇರಬಾರದು. ನಾನು ಯೋಚಿಸುತ್ತ ಕೂತೆ. ಯಾವುದನ್ನು ಕಳಿಸುವುದು? ಹಿಂದೆ ನಿಂತು ಓದುತ್ತಿದ್ದ ನನ್ನ ಹೆಂಡತಿ ಅಂದಳು: “ರೀ, ನಿಮ್ಮ ಪ್ರಬಂಧ ಯಾವುದಾದ್ರೂ ಕಳಿಸಿ. ಅವರ ನಿಯಮಕ್ಕೆ ಸರಿಯಾಗಿ ಹೊಂದುತ್ತೆ.”

ಕಳಿಸಲಿಲ್ಲ. ಕಳ್ಳರು ಅದನ್ನು ಓದಿ, “ಇದರಲ್ಲಿ ಬೆಲೆಬಾಳುವುದೇನೂ ಇಲ್ಲ, ತೆಗೆದುಕೊಳ್ಳಿ” ಎಂದು ವಾಪಸ್ ಕಳಿಸಿಬಿಟ್ಟರೆ? ಸಂಪಾದಕರಿಂದ ಆಗುವ ಅವಮಾನವೇ ಸಾಕು.

ಸರಸ್ವತಿಪುರಂನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕನ್ನಡದಲ್ಲಿ ಸರಿಯಾಗಿ 35 ತೆಗೆದಿದ್ದ. ಅದರಲ್ಲಿ ನಾಲ್ಕು ನನ್ನವು. ಆ ನಾಲ್ಕು ಅಂಕ ಹೀಗೆ ಬಡ್ಡಿ ಸಮೇತ ವಾಪಸ್ ಬರುತ್ತದೆಂದು ಯಾರಿಗೆ ಗೊತ್ತಿತ್ತು! ಬಂದವನು ಮೊದಲು ಮಾಡಿದ್ದು ಇಂಟರ್‌ನೆಟ್ ಕೇಬಲ್ ಕಿತ್ತದ್ದು. ಆಮೇಲೆ ಯಂತ್ರದ ಪಕ್ಕಕ್ಕೆ ಕೈಹಾಕಿ ಪೆನ್‌ಡ್ರೈವ್ ಎಳೆದ.

“ಇದೇನು ಸಾರ್?”

“ಬ್ಯಾಕಪ್ಪು” ಅಂದೆ.

“ಯಾವಾಗಿಂದ ಇಲ್ಲೇ ಚುಚ್ಚಿದೆ?”

“ಎರಡು ವರ್ಷದಿಂದ. ತೆಗೆದಿಟ್ರೆ ಕಳೆದುಹೋಗುತ್ತಲ್ಲಪ್ಪ.”

ಅವನೇನೂ ಅನ್ನಲಿಲ್ಲ. ಪರೀಕ್ಷೆಯಲ್ಲಿ ಅವನ ಉತ್ತರ ಓದಿ ನಾನು ಬಿಡುತ್ತಿದ್ದ ನಿಟ್ಟುಸಿರನ್ನು ಯಥಾವತ್ತಾಗಿ ಬಿಟ್ಟ. ಪೆನ್‌ಡ್ರೈವಿನಲ್ಲಿದ್ದ ಫೈಲುಗಳಿಗೂ ಬಾಲ ಬೆಳೆದಿತ್ತು.

ಕಳ್ಳನನ್ನು ಓಡಿಸುವುದು ಬೇರೆ, ಬೀಗ ತೆಗೆಸುವುದು ಬೇರೆ ಅನ್ನುವುದು ಆವತ್ತು ಅವನಿಂದ ತಿಳಿದ ಮೊದಲ ಪಾಠ. ಮೊದಲು ಓಡಿಸಲೇಬೇಕಂತೆ. ಈ ಕಳ್ಳ ಒಳಗೊಂದು ಅಲಾರಾಂ ಇಟ್ಟುಕೊಂಡಿರುತ್ತಾನೆ. ಐದೈದು ನಿಮಿಷಕ್ಕೊಮ್ಮೆ ಎದ್ದು, ಹೊಸ ಫೈಲೇನಾದರೂ ಬಂತೇ ಎಂದು ನೋಡಿ ಅದಕ್ಕೂ ಬೀಗ ಜಡಿಯುತ್ತಾನೆ. ಅವನು ಇರುವಾಗಲೇ ಫೈಲು ಬಿಡಿಸಿದರೆ ಈ ಕೈಯಲ್ಲಿ ತೆಗೆದದ್ದಕ್ಕೆ ಆ ಕೈಯಲ್ಲಿ ಬೀಗ. ಇನ್ನೊಂದು ಕಿತಾಪತಿಯನ್ನೂ ಹುಡುಗ ತೋರಿಸಿದ. ವಿಂಡೋಸಿನ ಒಳಗೆ ಹೋಸ್ಟ್ಸ್ ಅಂತ ಒಂದು ಪುಟ್ಟ ಫೈಲಿದೆ, ಮನೆಯ ಫೋನ್ ಡೈರಿಯ ಹಾಗೆ. ನಮಗೆ ಸಹಾಯ ಮಾಡಬಹುದಾದ ತಾಣಗಳ ವಿಳಾಸವನ್ನೆಲ್ಲ ಕಳ್ಳ ಅದರಲ್ಲಿ ಕೆಡಿಸಿಟ್ಟಿದ್ದ. ಮನೆಗೆ ನುಗ್ಗಿದವನು ಬೆಳ್ಳಿ ಲೋಟದ ಜೊತೆಗೆ, ಡೈರಿಯಲ್ಲಿ ಪೊಲೀಸ್ ಠಾಣೆಯ ನಂಬರಿನ ಮೇಲೂ ಮಸಿ ಬಳಿದು ಹೋದಂತೆ. “ಪಾಸ್‌ವರ್ಡುಗಳನ್ನೂ ಎತ್ಕೊಂಡು ಹೋಗಿರ್ತಾರೆ ಸಾರ್, ಬೇರೆ ಯಂತ್ರದಿಂದ ಎಲ್ಲಾ ಬದಲಾಯಿಸಿ” ಅಂದ. ನನ್ನ ಎಲ್ಲ ಪಾಸ್‌ವರ್ಡೂ ಒಂದೇ ಅನ್ನುವುದನ್ನು ಅವನಿಗೆ ಹೇಳುವ ಧೈರ್ಯವಾಗಲಿಲ್ಲ.

ಲಾಕಾದ ಫೈಲುಗಳನ್ನೆಲ್ಲ ಅವನು ಒಂದು ಹೊಸ ಡಿಸ್ಕಿಗೆ ತುಂಬಿದ, ಬಾಲದ ಸಮೇತ. ಆಮೇಲೆ ಸ್ಕ್ಯಾನ್ ಮೇಲೆ ಸ್ಕ್ಯಾನ್. ಸಂಜೆಗೆ ಕಳ್ಳ ಹೋದ.

ಬೀಗ ಹೋಗಲಿಲ್ಲ. ಅದು ಯಾಕೆ ಹೋಗುವುದಿಲ್ಲ ಅನ್ನುವುದನ್ನು ಹುಡುಗ ಕೀಲಿಗಳ ಜೋಡಿ ಎಂದೇನೇನೋ ವಿವರಿಸಿದ. ನನಗೆ ಅರ್ಥವಾದದ್ದು ಇಷ್ಟು: ಇದು ದೇವಸ್ಥಾನದ ಹುಂಡಿ. ಹಾಕುವುದಕ್ಕೆ ಯಾರಾದರೇನು, ಸೀಳು ತೆರೆದೇ ಇರುತ್ತದೆ. ತೆಗೆಯುವ ಕೀಲಿ ಮಾತ್ರ ಮುಜರಾಯಿಯವರ ಹತ್ತಿರ. ಕೀಲಿ ಇಲ್ಲದೆ ಊಹೆಯಿಂದ ತೆಗೆಯಲು ಹೊರಟರೆ 617 ಅಂಕಿಯ ಒಂದು ಸಂಖ್ಯೆಯ ಜೊತೆ ಗುದ್ದಾಡಬೇಕಂತೆ. ನಾನು ಕನ್ನಡ ಮೇಷ್ಟ್ರು, ಹನ್ನೊಂದರ ಮಗ್ಗಿಯ ಆಚೆಗೆ ಹೋದವನಲ್ಲ.

ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಈ ಕಸುಬಿನ ಮೂಲಪುರುಷನಿಗೂ ಅಷ್ಟು ಗಣಿತ ಇರಲಿಲ್ಲ ಅನ್ನುವುದು ಆಮೇಲೆ ಓದಿದಾಗ ತಿಳಿದು ಕೊಂಚ ಸಮಾಧಾನವಾಯಿತು. ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿ, 1989ರಲ್ಲಿ, ಏಡ್ಸ್ ಬಗ್ಗೆ ಮಾಹಿತಿ ಇದೆಯೆಂದು ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ. ಅಂಚೆಯಲ್ಲಿ! ಆಗ ಕಳ್ಳನಿಗೂ ಸ್ಟಾಂಪು ನೆಕ್ಕಿ ಅಂಟಿಸುವ ಶ್ರಮವಿತ್ತು. ಫ್ಲಾಪಿ ಹಾಕಿಕೊಂಡವರ ಕಂಪ್ಯೂಟರು 90 ಸಲ ಆನ್ ಆಗುವವರೆಗೆ ಸುಮ್ಮನಿದ್ದು ಆಮೇಲೆ ಫೈಲುಗಳ ಹೆಸರನ್ನೆಲ್ಲ ಕಲಸುಮೇಲೋಗರ ಮಾಡುತ್ತಿತ್ತು. ಬಿಡಿಸಿಕೊಳ್ಳಬೇಕಾದರೆ ಪನಾಮಾದ ಒಂದು ಪೋಸ್ಟ್ ಬಾಕ್ಸಿಗೆ 189 ಡಾಲರ್ ಕಳಿಸಬೇಕಿತ್ತು. ಆದರೆ ಅವನ ಬೀಗದ ಕೀಲಿ ಬೀಗದ ಜೊತೆಗೇ ಇತ್ತು, ಬಾಗಿಲ ಮೇಲಿನ ಚೌಕಟ್ಟಿನಲ್ಲಿ ಕೀಲಿ ಇಟ್ಟು ಹೋಗುವ ನಮ್ಮ ಪಕ್ಕದ ಮನೆಯವರ ಹಾಗೆ. ಬೇಗನೆ ಯಾರೋ ಹುಡುಕಿ ಎಲ್ಲರಿಗೂ ಪುಕ್ಕಟೆ ಹಂಚಿದರು. ಪಾಪ್ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಎಂದು ಬ್ರಿಟನ್ನಿನ ನ್ಯಾಯಾಲಯ ಅವನನ್ನು ಬಿಟ್ಟಿತು. ನ್ಯೂಯಾರ್ಕ್ ರಾಜ್ಯದಲ್ಲಿ ಅವನ ಹೆಸರಿನಲ್ಲಿ ಆಮೇಲೆ ಒಂದು ಚಿಟ್ಟೆ ಉದ್ಯಾನವೂ ಆಯಿತು. ಇಷ್ಟೆಲ್ಲ ಓದಿ ನನಗೆ ಅವನ ಮೇಲೆ ಸ್ವಲ್ಪ ಮಮಕಾರವೇ ಬಂದುಬಿಟ್ಟಿತು, ಹಳೆಯ ಸಿನಿಮಾದ ಖಳನಾಯಕರ ಮೇಲೆ ಬರುತ್ತದಲ್ಲ, ಹಾಗೆ.

ನನ್ನ ಫೈಲಿಗೂ ಪುಕ್ಕಟೆ ಕೀಲಿ ಸಿಗುವ ಒಂದು ದಾರಿ ಇತ್ತು. ಈ ಜಾತಿಯ ವೈರಸ್ಸು ಬೀಗ ಹಾಕುವ ಮುನ್ನ ತನ್ನ ಒಡೆಯನ ಸರ್ವರಿಗೆ ಫೋನ್ ಮಾಡಿದಂತೆ ಮಾಡಿ ಹೊಸ ಕೀಲಿ ತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಇಂಟರ್‌ನೆಟ್ ಸಿಗದಿದ್ದರೆ ಜೇಬಿನಲ್ಲಿರುವ ಸಾಮಾನ್ಯ ಕೀಲಿಯನ್ನೇ ಎಲ್ಲರಿಗೂ ಬಳಸುತ್ತದೆ. ಅಂಥ ಕೀಲಿ ಒಬ್ಬರಿಗೆ ಸಿಕ್ಕರೆ ಆ ತಳಿಯಲ್ಲಿ ಹಾಗೆ ಸಿಕ್ಕಿಬಿದ್ದ ಎಲ್ಲರಿಗೂ ಸಿಕ್ಕಂತೆ. ಎಮ್ಸಿಸಾಫ್ಟ್ ಎಂಬ ಕಂಪನಿ 2019ರಲ್ಲಿ ಬಿಟ್ಟ ಉಚಿತ ಸಾಧನ ಇಂಥ ಎಷ್ಟೋ ಬೀಗ ಬಿಚ್ಚಿದೆ. ಚೀಟಿಯ ಕೊನೆಯಲ್ಲಿರುವ ಗುರುತಿನ ಸಂಖ್ಯೆ ‘ಟಿ ಒಂದು’ ಎಂದು ಮುಗಿದರೆ ಅದು ಜೇಬಿನ ಕೀಲಿ. ಹುಡುಗ ಬಗ್ಗಿ ನೋಡಿದ. ನಾನೂ ಬಗ್ಗಿದೆ. ಲಾಟರಿ ಫಲಿತಾಂಶವನ್ನೂ ನಾನು ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ.

ಟಿ ಒಂದು ಇರಲಿಲ್ಲ.

ನಮ್ಮ ಮನೆಯ ಇಂಟರ್‌ನೆಟ್ಟಿನ ಚರಿತ್ರೆ ಗೊತ್ತಿದ್ದವರಿಗೆ ಮಾತ್ರ ಈ ದುಃಖದ ಆಳ ಗೊತ್ತಾದೀತು. ಮೋಡ ಕವಿದರೆ ಹೋಗುತ್ತದೆ, ಬಿಸಿಲಾದರೆ ಹೋಗುತ್ತದೆ, ಎದುರು ಮನೆಯವರು ತೆಂಗಿನಕಾಯಿ ಕೀಳಿಸಿದರೆ ಹೋಗುತ್ತದೆ. ಲಾಕ್‌ಡೌನಿನಲ್ಲಿ ನನ್ನ ಆನ್‌ಲೈನ್ ಉಪನ್ಯಾಸಗಳೆಲ್ಲ “ಆದ್ದರಿಂದ ಕುಮಾರವ್ಯಾಸನು” ಎನ್ನುವಲ್ಲಿಗೇ ನಿಂತಿವೆ. ಆ ಒಂದು ದಿನ, ಆ ಒಂದು ಗಂಟೆ, ಅದು ಕಾವೇರಿಯ ಹಾಗೆ ಹರಿದಿತ್ತು.

ಉಳಿದದ್ದು ಹೆಕ್ಕುವ ಕೆಲಸ. ವಿಂಡೋಸು ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು ಕಳ್ಳ ಮೊದಲೇ ಅಳಿಸಿದ್ದ. ಆದರೆ ಅವನೂ ಒಂದು ಸೋಮಾರಿತನ ಮಾಡಿದ್ದ. ಬೇಗ ಮುಗಿಯಲಿ ಎಂದು ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕಿ, ಮುಂದಿನದನ್ನು ಹಾಗೇ ಬಿಟ್ಟಿದ್ದ. ಈ ಒಂದು ಅಂಕಿ ನನ್ನ ಆಸ್ತಿಯನ್ನೆಲ್ಲ ಪಾಲು ಮಾಡಿತು. ವಾಟ್ಸಾಪಿನಿಂದ ಬಂದು ಬಿದ್ದಿದ್ದ ಗುಡ್ ಮಾರ್ನಿಂಗುಗಳು, ಗುಲಾಬಿ ಹೂವಿನ ಶುಭ ಶುಕ್ರವಾರಗಳು, ಎಲ್ಲ ನೂರು ಕೆಬಿಯ ಒಳಗಿನವು, ಪೂರ್ತಿ ಹೋದವು. ಯಾರೂ ಅಳಲಿಲ್ಲ. ದೊಡ್ಡ ಫೋಟೋಗಳನ್ನು ಹುಡುಗ ಏನೋ ಮಾಡಿ ಎಬ್ಬಿಸಿದ, ಮೇಲಿನ ಪಟ್ಟಿ ಹೋಗಿ, ಬಣ್ಣ ತುಸು ಹಸಿರಾಗಿ. ಸೀಮಂತದ ಫೋಟೋದಲ್ಲಿ ಎಲ್ಲರಿಗಿಂತ ಎತ್ತರವಾಗಿರುವ ನಮ್ಮ ಭಾವನಿಗೆ ಮಾತ್ರ ಹಣೆ ಇಲ್ಲ.

ಪ್ರಬಂಧಗಳು ಉಳಿದವು, ಅದೂ ವಿಚಿತ್ರವಾಗಿ. ಪೀಟರ್ ಕ್ರೋ ಎಂಬ ಛಾಯಾಗ್ರಾಹಕ ಹೇಳಿಕೊಟ್ಟ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯ ಹೊರಗೆ. ನಾನು ಗೊತ್ತಿಲ್ಲದೆಯೇ ಇದನ್ನು ಮೀರಿಸಿದ್ದೆ. ಒಬ್ಬ ಸಂಪಾದಕರು ಬೇಡವೆಂದದ್ದನ್ನು ಇನ್ನೊಬ್ಬರಿಗೆ, ಅವರು ಮೌನ ವಹಿಸಿದರೆ ಮತ್ತೊಬ್ಬರಿಗೆ ಇಮೇಲ್ ಮಾಡಿದ್ದೆನಲ್ಲ, ಎಲ್ಲವೂ ಕಳಿಸಿದ ಅಂಚೆಯಲ್ಲಿ ಭದ್ರವಾಗಿದ್ದವು. ಹೆಚ್ಚು ತಿರಸ್ಕೃತವಾದದ್ದಕ್ಕೆ ಹೆಚ್ಚು ಬ್ಯಾಕಪ್ಪು. ‘ನನ್ನ ಛತ್ರಿಗಳು’ ಅನ್ನುವ ಪ್ರಬಂಧ ಏಳು ಕಡೆ ಸಿಕ್ಕಿತು.

ಯಾರಿಗೂ ಕಳಿಸದೆ ಇದ್ದದ್ದು ಕಾದಂಬರಿ. ಹನ್ನೆರಡು ವರ್ಷದಿಂದ ಬರೆಯುತ್ತಿದ್ದೆ. ಅದು ಪೂರ್ತಿ ಹೋಯಿತು. ಸಭೆಗಳಲ್ಲಿ ಸಿಕ್ಕವರು “ಕಾದಂಬರಿ ಎಲ್ಲಿಗೆ ಬಂತು?” ಅಂದಾಗ ನಾನು ಈಗ ಕಣ್ಣು ತಗ್ಗಿಸಿ, “ರಾನ್ಸಮ್‌ವೇರ್ ತಿಂತು” ಅನ್ನುತ್ತೇನೆ. ಕೈಹಿಡಿದು ಸಂತಾಪ ಹೇಳುತ್ತಾರೆ. ಒಬ್ಬ ವಿಮರ್ಶಕರಂತೂ ಕನ್ನಡಕ್ಕೇ ಆದ ನಷ್ಟ ಅಂದರು. 150 ಕೆಬಿಯ ಒಳಗೇ ಮುಗಿದುಹೋದ ಆ ಕಾದಂಬರಿ ಎಷ್ಟು ಪುಟದ್ದೆಂದು ಅವರು ಕೇಳಲಿಲ್ಲ. ಹನ್ನೊಂದು ಪುಟ. ಇದು ನನ್ನ ಹೆಂಡತಿಗೆ ಗೊತ್ತು. ಅವಳು ಪಕ್ಕದಲ್ಲಿ ಇರುವಾಗ ನಾನು ಈ ವಿಷಯ ಎತ್ತುವುದಿಲ್ಲ.

ಕೊನೆಗೆ ಹುಡುಗ ಹಾಡುಗಳ ಫೋಲ್ಡರಿಗೆ ಬಂದ. ಬಾಲ ಕತ್ತರಿಸಿ ಒತ್ತಿದರೆ ಎಂಪಿತ್ರೀಗಳು ಹಾಡತೊಡಗಿದವು, ಮೊದಲ ಕೆಲವು ಸೆಕೆಂಡು ಬಿಟ್ಟು. ಅದರಲ್ಲಿ ಒಂದು ಅಮ್ಮನದು. 2009ರಲ್ಲಿ, ಅಡುಗೆಮನೆಯಲ್ಲಿ, ನನ್ನ ಮೊದಲ ಮೊಬೈಲಿನಲ್ಲಿ ಹಿಡಿದ ಆರತಿ ಹಾಡು. ಅಮ್ಮ ಹೋಗಿ ಆರು ವರ್ಷವಾಗಿತ್ತು.

“ಬರೀ ಒಂಬತ್ತೂವರೆ ಸೆಕೆಂಡ್ ಹೋಗಿದೆ ಸಾರ್. ಹಾಡೆಲ್ಲಾ ಇದೆ” ಅಂದ, ಸಂತೋಷದಿಂದ.

ಹಾಡೆಲ್ಲಾ ಇತ್ತು, ನಿಜ. ನಡುವೆ ಕುಕ್ಕರು ಕೂಗುವುದೂ ಇತ್ತು. ಆ ಒಂಬತ್ತೂವರೆ ಸೆಕೆಂಡಿನಲ್ಲಿ ಹಾಡು ಇರಲೇ ಇಲ್ಲ. “ಅಮ್ಮಾ, ಸ್ವಲ್ಪ ಫೋನಿನ ಹತ್ರ ಬಾ” ಎಂದು ನಾನು, “ಯಾಕೋ, ಅದಕ್ಕೂ ಕಿವಿ ಮಂದವಾ?” ಎಂದು ಅಮ್ಮ, ಆಮೇಲೆ ಅವಳ ನಗು. ಅಷ್ಟೇ. ಕಳ್ಳರು ಆ ಒಂದನ್ನು ಮುಂದಿಟ್ಟು 36 ಸಾವಿರ ಕೇಳಿದ್ದರೆ ನಾನು ಚೌಕಾಸಿ ಮಾಡುತ್ತಿರಲಿಲ್ಲವೇನೋ. ಹುಡುಗನಿಗೆ ಇದನ್ನು ಹೇಳಲಿಲ್ಲ. ಆರುನೂರು ರೂಪಾಯಿ ಕೇಳಿದ, ಕೊಟ್ಟೆ.

“ಆ ಡಿಸ್ಕು ಬಿಸಾಕಬೇಡಿ ಸಾರ್” ಎಂದು ಗೇಟಿನ ಹತ್ತಿರ ತಿರುಗಿ ನಿಂತು ಹೇಳಿದ. “ಕೆಲವೊಂದ್ಸಲ ಪೊಲೀಸರು ಹಿಡೀತಾರೆ, ಇಲ್ಲಾ ಅವರೇ ಅಂಗಡಿ ಮುಚ್ಚಿ ಕೀಲಿ ಬಿಟ್ಟು ಹೋಗ್ತಾರೆ.” ಡಿಸ್ಕು ಈಗ ಬೀರುವಿನಲ್ಲಿದೆ, ಅಮ್ಮನ ರೇಷ್ಮೆ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆಯ ಜೊತೆ. ಹಬ್ಬಕ್ಕೆ ಬೀರು ತೆಗೆದಾಗಲೆಲ್ಲ ಹೆಂಡತಿ ಅದನ್ನು ಎತ್ತಿ ಒರೆಸಿ, ಏನೂ ಕೇಳದೆ, ಅಲ್ಲೇ ಇಡುತ್ತಾಳೆ.